ಬೀಜದ ಹುಲ್ಲಿಗೆ ಯೂರಿಯಾ ಯಾವಾಗ ಕೊಡಬೇಕು?

ಪ್ರಶ್ನೆ: ಕುಂದಗೋಳದ ಹತ್ತಿರ ಎರಿ ಹೊಲದಲ್ಲಿ ಒಂದು ಎಕರೆ ಗಿನಿ ಹುಲ್ಲನ್ನು ಬೀಜಕ್ಕೆಂದು ಹಚ್ಚಿದ್ದೇನೆ. ಇದು ಎರಡನೇ ವರ್ಷ. ಸಾಲಿನ ನಡುವೆ ಕರಿಕೆ, ಕಾಂಗ್ರೆಸ್ ಕಳೆ ತುಂಬಿವೆ. ತೆನೆ ಹೊರಟಾಗ ಎರಡು ಚೀಲ ಯೂರಿಯಾ ಹಾಕಿದೆ. ಹುಲ್ಲು ಆಳೆತ್ತರ ಬೆಳೆದು ಮಲಗಿತು, ಬೀಜವೆಲ್ಲ ಜೊಳ್ಳು. ಯಾವ ಕಳೆನಾಶಕ ಹೊಡೆಯಲಿ ಸರ್?

ಉತ್ತರ: ಕಳೆನಾಶಕದ ಮಾತು ಆಮೇಲೆ. ಮೊದಲು ಯೂರಿಯಾ ನೋಡೋಣ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತದೆ. ನೀವು 40 ಕೆಜಿಯನ್ನು ಒಂದೇ ಸಲ ಹಾಕಿದ್ದೀರಿ, ಅದೂ ತೆನೆ ಹೊರಟ ಮೇಲೆ. ಮೇವಿಗೆ ಬೆಳೆಯುವವರಿಗೆ ಎಲೆ ಬೇಕು, ನಿಮಗೆ ತೆನೆ ಬೇಕು. ಕೊಯ್ದ ಮೇಲೆ ಬುಡದಿಂದ ಎಷ್ಟು ಮರಿ ಒಡೆಯುತ್ತವೋ ಅಷ್ಟು ತೆನೆ. ಗೊಬ್ಬರ ಸಿಗಬೇಕಾದದ್ದು ಆ ಹೊತ್ತಿಗೆ.

ಮುಂಗಾರು ಹಿಡಿದ ಮೇಲೆ ಒಂದು ಕೊಯ್ಲು ಮೇವಿಗೆ ತೆಗೆಯಿರಿ. ಮೊದಲು ಕಳೆ ತೆಗೆಯಿರಿ, ಆಮೇಲೆ ಬುಡಕ್ಕೆ ಒಂದು ಚೀಲ ಯೂರಿಯಾ ಕೊಡಿ. ಈ ಕ್ರಮ ತಪ್ಪಿದರೆ ಯೂರಿಯಾವನ್ನು ಮೊದಲು ಉಣ್ಣುವುದು ಕರಿಕೆ. ರಂಜಕದ ಲೆಕ್ಕ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ.

ಜೊಳ್ಳು ಪೂರ್ತಿ ಯೂರಿಯಾದ ತಪ್ಪಲ್ಲ. ಗಿನಿ ತೆನೆ ಒಮ್ಮೆಲೇ ಮಾಗುವುದಿಲ್ಲ. ತುದಿಯ ಕಾಳು ಉದುರುವಾಗ ಬುಡದ್ದು ಇನ್ನೂ ಹಾಲು. ಸ್ವಲ್ಪ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಮೆಲ್ಲಗೆ ಊದಿ. ಉಳಿದ ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿ ಅನಿಸಿದರೆ ಮಾತ್ರ ಕೊಯ್ಯಿರಿ.

ಇನ್ನು ಕಳೆನಾಶಕ. ಕರಿಕೆಯೂ ಹುಲ್ಲು, ಗಿನಿಯೂ ಹುಲ್ಲು. ಹುಲ್ಲು ಸಾಯಿಸುವ ಔಷಧಿಗೆ ಎರಡೂ ಒಂದೇ. 2,4-ಡಿ ಎಂಬ ಕಳೆನಾಶಕ ಹೊಡೆದರೆ ಅಗಲ ಎಲೆಯ ಕಾಂಗ್ರೆಸ್ ಕಳೆ ಸಾಯುತ್ತದೆ, ಕರಿಕೆ ಹಾಗೇ ಉಳಿಯುತ್ತದೆ. ಅದಲ್ಲದೆ ನಿಮ್ಮ ಕಡೆ ಬದುವಿನಾಚೆ ಹತ್ತಿ, ಮೆಣಸಿನಕಾಯಿ ಇರುವುದೇ ಜಾಸ್ತಿ, ಅಲ್ವಾ? ಗಾಳಿಗೆ ಸ್ವಲ್ಪ ಹಾರಿದರೂ ಹತ್ತಿಯ ಎಲೆ ಬೆರಳಿನ ಹಾಗೆ ಸಣ್ಣಗಾಗಿ ಮುರುಟುತ್ತದೆ. ನೆರೆಯವರ ಬೆಳೆ ಹಾಳು ಮಾಡುವುದು ಬೇಡ.

ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮುಂಚೆಯೇ ಕೀಳಿಸಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಮೈ ತುರಿಸುತ್ತದೆ. ಉಳಿದ ಸಣ್ಣ ಕಸಕ್ಕೆ ಸಾಲಿನ ನಡುವೆ ಹಾಯಿಸುವ ಎಡೆಕುಂಟಿ ಸಾಕು. ಕರಿಕೆ ಇದ್ದಲ್ಲಿ ಮಾತ್ರ ಕುಂಟಿ ಹಾಯಿಸಬೇಡಿ. ತುಂಡಾದ ಒಂದೊಂದು ಗೆಣ್ಣೂ ಮತ್ತೆ ಚಿಗುರುತ್ತದೆ. ಗುದ್ದಲಿಯಿಂದ ಬೇರುಸಮೇತ ಅಗೆದು, ಗೋಣಿಚೀಲದಲ್ಲಿ ಹೊರಗೆ ಹೊತ್ತು ಬಿಸಿಲಿಗೆ ಹರಡಿ. ಹಸಿ ತಿಪ್ಪೆ ಗೊಬ್ಬರ ಹಾಕಬೇಡಿ, ಅದರೊಳಗೆ ಕಳೆಯ ಬೀಜ ಜೀವಂತ ಇರುತ್ತವೆ. ಪೂರ್ತಿ ಕೊಳೆತು, ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುವಂಥದ್ದೇ ಹಾಕಿ.