ಪ್ರೋಗ್ರಾಮಿಂಗ್ ಭಯವಿದ್ದರೆ ಕಾಗ್ನಿಟಿವ್ ಟೆಕ್ನಾಲಜಿ ಓದಬಹುದೇ?

ಮನಶ್ಶಾಸ್ತ್ರ ಇಷ್ಟ, ಪ್ರೋಗ್ರಾಮಿಂಗ್ ಎಂದರೆ ಭಯ, ಹೀಗಿರುವಾಗ ಕಾಗ್ನಿಟಿವ್ ಟೆಕ್ನಾಲಜಿ (ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದು, ಅದನ್ನು ತಂತ್ರಜ್ಞಾನದಲ್ಲಿ ಬಳಸುವ ಓದು) ಪದವಿಗೆ ಸೇರಬಹುದೇ ಎಂದು ಕೇಳಿದ್ದೀರಿ. ಸೇರಬಹುದು. ಆದರೆ ಪ್ರೋಗ್ರಾಮಿಂಗ್‌ನಿಂದ ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲು ಇದೆಂದುಕೊಂಡು ಸೇರಬೇಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಗನೆ ಎದುರಾಗುತ್ತದೆ. ನನ್ನನ್ನು ಕೇಳಿದರೆ, ಹೆದರಬೇಕಾದದ್ದು ಸಂಖ್ಯಾಶಾಸ್ತ್ರಕ್ಕೆ (ಸ್ಟ್ಯಾಟಿಸ್ಟಿಕ್ಸ್). ಅದರ ಬಗ್ಗೆ ನೀವು ಕೇಳಿಯೇ ಇಲ್ಲ!

ಮನಶ್ಶಾಸ್ತ್ರಜ್ಞ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ತೆಗೆದುಕೊಳ್ಳಿ. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ, ‘ಹಸಿರು’ ಎಂಬುದನ್ನು ಕೆಂಪು ಶಾಯಿಯಲ್ಲಿ, ಹೀಗೆ ಇಪ್ಪತ್ತು ಪದ ಬರೆಯಿರಿ. ಪದ ಓದದೆ ಶಾಯಿಯ ಬಣ್ಣ ಮಾತ್ರ ಹೇಳುತ್ತಾ ಹೋಗಿ. ನಾಲಿಗೆ ತಡವರಿಸುತ್ತದೆ, ಏಕೆಂದರೆ ಓದು ಅಭ್ಯಾಸವಾದವರಿಗೆ ಓದದೆ ಇರುವುದೇ ಕಷ್ಟ. ಆ ತಡವರಿಕೆಯನ್ನು ಮಿಲಿಸೆಕೆಂಡ್‌ಗಳಲ್ಲಿ ಅಳೆಯಲು ಪ್ರೋಗ್ರಾಂ ಬೇಕು. ಅದು ಕಾಕತಾಳೀಯವಲ್ಲ ಎಂದು ತೋರಿಸಲು ಸಂಖ್ಯಾಶಾಸ್ತ್ರ ಬೇಕು. ಯಂತ್ರದ ಫಲಕದಲ್ಲಿ ‘ನಿಲ್ಲಿಸಿ’ ಎಂಬ ಗುಂಡಿಗೆ ಹಸಿರು ಬಣ್ಣ ಬಳಿಯಬಾರದು ಎಂಬಲ್ಲಿಗೆ ಬಂದಾಗ ಅದು ತಂತ್ರಜ್ಞಾನವಾಗುತ್ತದೆ.

ಇದು ಕೃತಕ ಬುದ್ಧಿಮತ್ತೆಯ ಇನ್ನೊಂದು ಹೆಸರೇ ಎಂಬ ನಿಮ್ಮ ಅನುಮಾನಕ್ಕೆ: ಅಲ್ಲ. ಅಲ್ಲಿ ಸಾಮಾನ್ಯವಾಗಿ ಯಂತ್ರ ಕೆಲಸ ಮಾಡಿಕೊಟ್ಟರೆ ಸಾಕು. ಇಲ್ಲಿ ಮನುಷ್ಯ ಅದನ್ನು ಹೇಗೆ ಮಾಡುತ್ತಾನೆ, ಎಲ್ಲಿ ಎಡವುತ್ತಾನೆ ಎಂಬುದೂ ಮುಖ್ಯ.

ಪದವಿಯ ಹೆಸರು ನೋಡಿ ಮರುಳಾಗಬೇಡಿ. ಒಂದು ಕಡೆ ಅದು ಮುಕ್ಕಾಲು ಪಾಲು ಕಂಪ್ಯೂಟರ್ ವಿಜ್ಞಾನ, ಇನ್ನೊಂದು ಕಡೆ ಭಾಷಾಶಾಸ್ತ್ರ, ತತ್ವಶಾಸ್ತ್ರ ಸೇರಿದ ಮಿಶ್ರಣ. ಮೂರು ವಿಶ್ವವಿದ್ಯಾಲಯಗಳ ಪಠ್ಯಕ್ರಮವನ್ನು ಪಕ್ಕಪಕ್ಕದಲ್ಲಿಟ್ಟು ಕಡ್ಡಾಯ ವಿಷಯಗಳನ್ನು ಎಣಿಸಿ. ಸೇರುವ ಮೊದಲು ಮೇಲಿನ ಪ್ರಯೋಗಕ್ಕೆ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು ನೋಡಿ. ಎರಡು ವಾರಾಂತ್ಯ ಸಾಕು.