ಓದುಗರ ಪ್ರಶ್ನೆ: ಗೈಡ್ ಇಲ್ಲದ ಪೇಪರ್

ಪ್ರಶ್ನೆ: ಮಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಈ ಸಲ ಸಮಕಾಲೀನ ಬ್ರಿಟಿಷ್ ಮತ್ತು ಐರಿಶ್ ಸಾಹಿತ್ಯದ ಪೇಪರ್ ಇದೆ. ಶೇಕ್ಸ್‌ಪಿಯರ್‌ಗಾದರೆ ಬೇಕಾದಷ್ಟು ಗೈಡ್ ಸಿಗುತ್ತವೆ, ಇದಕ್ಕೆ ಹಂಪನಕಟ್ಟೆ ಸುತ್ತಿದರೂ ಒಂದೂ ಸಿಗಲಿಲ್ಲ. ‘ಮಿಲ್ಕ್‌ಮ್ಯಾನ್’ ಕಾದಂಬರಿ ಶುರು ಮಾಡಿ ಅರ್ಧಕ್ಕೇ ಬಿಟ್ಟೆ. ಎಂತ ಮಾಡುವುದು?
– ವಿದ್ಯಾರ್ಥಿನಿ, ಮುಡಿಪು

ಗೈಡ್ ಸಿಗದೇ ಇದ್ದದ್ದು ಒಳ್ಳೆಯದೇ ಆಯಿತು ಮಾರಾಯ್ರೆ. ಶೇಕ್ಸ್‌ಪಿಯರ್ ಬಗ್ಗೆ ನಾನೂರು ವರ್ಷದಿಂದ ಜನ ಹೇಳುತ್ತಲೇ ಇದ್ದಾರೆ. ಮೊನ್ನೆ ಮೊನ್ನೆ ಬಂದ ಕಾದಂಬರಿಯ ಬಗ್ಗೆ ಕೊನೆಯ ಮಾತನ್ನು ಇನ್ನೂ ಯಾರೂ ಹೇಳಿಲ್ಲ, ನಿಮ್ಮ ಪ್ರೊಫೆಸರ್ ಕೂಡ. ಹಾಗಾಗಿ ಮುಡಿಪಿನಲ್ಲಿ ಕೂತು ನೀವು ಬರೆದದ್ದಕ್ಕೂ ಬೆಲೆ ಇದೆ. ಪುಸ್ತಕ ಓದಿರಬೇಕು, ಅಷ್ಟೇ.

ನೀವು ಶುರು ಮಾಡಿದ ಜಾಗ ಮಾತ್ರ ಕಷ್ಟದ್ದು. ಆನಾ ಬರ್ನ್ಸ್ ಅವರ ‘ಮಿಲ್ಕ್‌ಮ್ಯಾನ್’ಗೆ 2018ರ ಬೂಕರ್ ಬಂತು ನಿಜ. ಆದರೆ ಉದ್ದುದ್ದ ಪ್ಯಾರಾ, ಪಾತ್ರಗಳಿಗೆ ಹೆಸರಿಲ್ಲ, ಊರಿಗೂ ಇಲ್ಲ. ಮೊದಲು ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ ಓದಿ. 2021ರದ್ದು, ನೂರು ಚಿಲ್ಲರೆ ಪುಟ, ಸರಳ ಇಂಗ್ಲಿಷ್. 1985ರ ಕ್ರಿಸ್‌ಮಸ್ ಹೊತ್ತು, ಐರ್ಲೆಂಡಿನ ನ್ಯೂ ರಾಸ್ ಎಂಬ ಸಣ್ಣ ಪೇಟೆ. ಕಲ್ಲಿದ್ದಲು ಮಾರುವ ಬಿಲ್ ಫರ್ಲಾಂಗ್ ಕಾನ್ವೆಂಟಿಗೆ ಲೋಡ್ ಇಳಿಸಲು ಹೋದಾಗ ಅಲ್ಲಿನ ಕಲ್ಲಿದ್ದಲು ಕೋಣೆಯಲ್ಲಿ ಒಬ್ಬ ಹುಡುಗಿಯನ್ನು ಕೂಡಿ ಹಾಕಿರುವುದು ಕಾಣುತ್ತದೆ. ಊರಿಗೆ ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ದಾರಿ ತಪ್ಪಿದವರು ಅಂತ ಹಣೆಪಟ್ಟಿ ಹಚ್ಚಿ, ಹೆಣ್ಣುಮಕ್ಕಳನ್ನು ಸಂಬಳವಿಲ್ಲದೆ ಬಟ್ಟೆ ಒಗೆಯಲು ಹಾಕುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳ ಕಥೆ ಇದು. ಅವುಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಇಷ್ಟು ಇತಿಹಾಸ ಗೊತ್ತಿದ್ದರೆ ಧಾರಾಳ ಸಾಕು.

ಆಮೇಲೆ ‘ಮಿಲ್ಕ್‌ಮ್ಯಾನ್’ಗೆ ವಾಪಸ್ ಬನ್ನಿ. ಈ ಸಲ ಗಟ್ಟಿಯಾಗಿ ಓದಿ, ಅದು ಮಾತಾಡುವ ಹುಡುಗಿಯ ಗದ್ಯ. 1970ರ ದಶಕದ ಉತ್ತರ ಐರ್ಲೆಂಡಿನಲ್ಲಿ ಹೆಸರು ಕೇಳಿದರೇ ಸಾಕಿತ್ತು, ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ, ಐರ್ಲೆಂಡ್ ಕಡೆಯವರೋ ಬ್ರಿಟನ್ ಕಡೆಯವರೋ ಅಂತೆಲ್ಲ ಜನ ತೀರ್ಮಾನ ಮಾಡಿಬಿಡುತ್ತಿದ್ದರು. ಅಂಥ ಕಡೆ ಹದಿನೆಂಟರ ಹುಡುಗಿ ದಾರಿಯಲ್ಲಿ ನಡೆಯುತ್ತಾ ಕಾದಂಬರಿ ಓದುತ್ತಾಳೆ, ಊರಿಗೆ ಅದೇ ದೊಡ್ಡ ಸುದ್ದಿ. ಬಂದೂಕಿನ ಗುಂಪಿನವನೊಬ್ಬ ಅವಳ ಹಿಂದೆ ಬಿದ್ದರೆ ಊರು ಆಡಿಕೊಳ್ಳುವುದು ಅವಳನ್ನೇ. ಹುಡುಗ ಹುಡುಗಿ ಬಸ್ಸಿನಲ್ಲಿ ಜೊತೆಗೆ ಕೂತರೆ ಮೊದಲು ಅವರ ಹೆಸರು ವಿಚಾರಿಸುವ ಕಡೆಯವರು ನಾವು. ಇದು ನಮಗೆ ಅರ್ಥವಾಗದೆ ಇನ್ಯಾರಿಗೆ ಆಗಬೇಕು, ಅಲ್ವಾ? ಆದರೆ ಉತ್ತರ ಪತ್ರಿಕೆಯಲ್ಲಿ ಸುಮ್ನೆ ಹೋಲಿಸಿದರೆ ಅಂಕ ಬರುವುದಿಲ್ಲ. ಪುಸ್ತಕದ ಒಂದು ಸಾಲು ಎತ್ತಿಕೊಂಡು ಅದರಲ್ಲಿ ಏನಾಗುತ್ತಿದೆ ಅಂತ ಬಿಡಿಸಿ ತೋರಿಸಿ, ನಮ್ಮೂರಿನ ವಿಷಯ ಆಮೇಲೆ.

ಪ್ರಶ್ನೆ: ಬ್ರಿಟಿಷ್, ಐರಿಶ್ ಅಂತ ಎರಡು ಹೆಸರು ಯಾಕೆ? ಎಲ್ಲರೂ ಬರೆಯುವುದು ಇಂಗ್ಲಿಷೇ ಅಲ್ವಾ?
– ಓದುಗರೊಬ್ಬರು, ಕಾರ್ಕಳ

ಇದನ್ನು ಡಬ್ಲಿನ್‌ನಲ್ಲಿ ಕೇಳಬೇಡಿ! 1921ರಲ್ಲಿ ಐರ್ಲೆಂಡ್ ಎರಡು ಹೋಳಾಯಿತು. ದಕ್ಷಿಣದ ದೊಡ್ಡ ಭಾಗ ಮುಂದೆ 1949ರಲ್ಲಿ ಪೂರ್ತಿ ಗಣರಾಜ್ಯವಾಯಿತು, ಉತ್ತರದ ಆರು ಕೌಂಟಿಗಳು ಇವತ್ತಿಗೂ ಬ್ರಿಟನ್ ಜೊತೆಗಿವೆ. ಕವಿ ಶೇಮಸ್ ಹೀನಿ 1939ರಲ್ಲಿ ಹುಟ್ಟಿದ್ದು ಆ ಉತ್ತರದಲ್ಲಿ. 1982ರಲ್ಲಿ ಪೆಂಗ್ವಿನ್ ಸಂಸ್ಥೆ ಸಮಕಾಲೀನ ಬ್ರಿಟಿಷ್ ಕವಿತೆಗಳ ಸಂಕಲನ ತಂದಾಗ ಅವರ ಕವಿತೆಗಳನ್ನೂ ಸೇರಿಸಿತು. ಹೀನಿ ಮರುವರ್ಷ ಪದ್ಯದಲ್ಲೇ ಒಂದು ಬಹಿರಂಗ ಪತ್ರ ಬರೆದು, ನನ್ನ ಪಾಸ್‌ಪೋರ್ಟ್ ಹಸಿರು ಅಂತ ನೆನಪಿಸಿದರು. ಆಗ ಐರಿಶ್ ಪಾಸ್‌ಪೋರ್ಟಿನ ಬಣ್ಣ ಅದು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಅದು ಕರ್ನಾಟಕಕ್ಕೇ ಸೇರಬೇಕು ಅಂತ ಹೋರಾಡಿದ ಅಲ್ಲಿನ ಕನ್ನಡ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ಯಾರಾದರೂ ಕೇರಳದ ಕವಿಗಳ ಸಂಕಲನಕ್ಕೆ ಸೇರಿಸಿದ್ದರೆ ಭೂಪಟದ ಪ್ರಕಾರ ಸರಿಯೇ, ರೈಗಳು ಸುಮ್ಮನೆ ಇರುತ್ತಿದ್ದರಾ?

ಬ್ರಿಟಿಷ್ ಅನ್ನುವುದೂ ಈಗ ಒಂದೇ ಬಗೆಯದಲ್ಲ. 2017ರ ನೊಬೆಲ್ ಪಡೆದ ಕಝುವೊ ಇಶಿಗುರೊ ಹುಟ್ಟಿದ್ದು ನಾಗಸಾಕಿಯಲ್ಲಿ.

ಪ್ರಶ್ನೆ: ಮಗಳು ಇದನ್ನೇ ಓದಲು ಐರ್ಲೆಂಡಿಗೆ ಹೋಗುತ್ತೇನೆ ಅನ್ನುತ್ತಾಳೆ. ಕಳಿಸಬಹುದಾ?
– ತಾಯಿ, ಉಡುಪಿ

ಓದಿಗೆ ಒಳ್ಳೆಯ ಜಾಗ, ಅನುಮಾನ ಬೇಡ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಐರಿಶ್ ಬರವಣಿಗೆಗೇ ಮೀಸಲಾದ ಎಂ.ಫಿಲ್. ಕೋರ್ಸ್ ಇದೆ. ಆದರೆ ಮನೆ ಅಡವಿಟ್ಟು ಕಳಿಸುವುದಾದರೆ ಈಗ ಬೇಡ ಅನ್ನುವವಳು ನಾನು. ಎಂ.ಎ. ಇಲ್ಲೇ ಮಾಡಲಿ, ಅಧ್ಯಾಪಕರ ಅರ್ಹತೆಯ ರಾಷ್ಟ್ರೀಯ ಪರೀಕ್ಷೆ ನೆಟ್ ಬರೆಯಲಿ. ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಪಿಎಚ್‌ಡಿಗೆ ಶುರುವಿನಲ್ಲಿ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸ್ಕಾಲರ್‌ಶಿಪ್ ಹಿಡಿದು ಹೊರಗೆ ಹೋಗಲು ಆಮೇಲೂ ಸಮಯ ಇದೆ. ಕನ್ನಡ ಬಿಡಬೇಡ ಅಂತಲೂ ಹೇಳಿ. ಬಾನು ಮುಷ್ತಾಕ್ ಅವರ ಕಥೆಗಳನ್ನು ಇಂಗ್ಲಿಷಿಗೆ ತಂದು 2025ರ ಇಂಟರ್‌ನ್ಯಾಷನಲ್ ಬೂಕರ್ ಹಂಚಿಕೊಂಡ ದೀಪಾ ಭಾಸ್ತಿ ಇಲ್ಲೇ ಘಟ್ಟದ ಮೇಲೆ, ಮಡಿಕೇರಿಯವರು.

ಪ್ರಶ್ನೆ: ಕೀಗನ್ ಕಾದಂಬರಿ ನಮಗೂ ಪಠ್ಯ. ಸಿನಿಮಾ ನೋಡಿ ಪರೀಕ್ಷೆ ಬರೆಯಬಹುದಾ?
– ವಿದ್ಯಾರ್ಥಿ, ಕುಂದಾಪುರ

ಸಿನಿಮಾ 2024ರಲ್ಲಿ ಬಂದಿದೆ, ಕಿಲಿಯನ್ ಮರ್ಫಿ ಚೆನ್ನಾಗಿಯೇ ಮಾಡಿದ್ದಾರೆ. ಅದು ಒಂದೂವರೆ ಗಂಟೆ, ಪುಸ್ತಕ ಹೆಚ್ಚೆಂದರೆ ಎರಡು ಸಂಜೆ. ಇದರಲ್ಲಿ ಎಷ್ಟು ಉಳಿಸುತ್ತೀರಿ? ಓದಿ ಮುಗಿಸಿ, ಆಮೇಲೆ ನೋಡಿ.