‘ದೇವರ ಚಿತ್ತ’ ಎಂಬ ಉತ್ತರ ಸಾಲದೆ ಹೋದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಕೆಲಸದ ವಿವರಗಳನ್ನು ಬದಲಿಸಲಾಗಿದೆ.)

38 ವರ್ಷದ ಮಹಿಳೆ. ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದಲ್ಲಿ ಹೈಸ್ಕೂಲ್ ಶಿಕ್ಷಕಿ. ಕಥೋಲಿಕ ಕುಟುಂಬ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ತರಗತಿ ನಡೆಸುತ್ತಿದ್ದರು. ಅಡಿಕೆ ತೋಟಕ್ಕೆ ದರಗು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುತ್ತಿದ್ದ ಇವರ ತಮ್ಮ ಫೆಬ್ರವರಿಯಲ್ಲಿ ಮಂಗನ ಕಾಯಿಲೆಯಿಂದ ತೀರಿಕೊಂಡರು. ಇವರು ಸಲಹೆಗೆ ಬಂದದ್ದು ಸೆಪ್ಟೆಂಬರಿನಲ್ಲಿ.

ಸಾವಿನ ಮನೆಗೆ ಬಂದವರೆಲ್ಲ ‘ದೇವರ ಚಿತ್ತ’ ಎಂದಿದ್ದರು. ತರಗತಿಯಲ್ಲಿ ಇವರೂ ಅದನ್ನೇ ಹೇಳಿದರು. ಆಗ ಆರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಹಾಗಾದ್ರೆ ಆ ಅಂಕಲ್‌ನ ದೇವರೇ ಸಾಯಿಸಿದ್ದಾ?” ಎಂದು ಕೇಳಿದ. ಅಂದಿನಿಂದ ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ ಆಧುನಿಕ ದೈವಶಾಸ್ತ್ರದ ಓದು, ಉಪನ್ಯಾಸಗಳು. “ದೇವರು ಒಬ್ಬ ವ್ಯಕ್ತಿ ಅಲ್ಲ ಅಂತ ಟಿಲಿಕ್ ಬರೀತಾರೆ ಮೇಡಂ. ಹಾಗಾದ್ರೆ ಐಸಿಯು ಹೊರಗೆ ನಿಂತು ನಾನು ಯಾರ ಹತ್ರ ಕೇಳ್ಕೊಂಡೆ? ಬದುಕಿಗೆ ಅರ್ಥ ಅನ್ನೋದೇ ಇಲ್ವಾ?”

ಇಂಥ ಪ್ರಶ್ನೆಗೆ ತಕ್ಷಣ ದೈವಶಾಸ್ತ್ರದ ಉತ್ತರ ಕೊಡಲು ಹೋಗಬಾರದು. ಇದು ಖಿನ್ನತೆಯೋ, ದುಃಖವೋ, ನಿಜವಾಗಿಯೂ ನಂಬಿಕೆಯ ಪ್ರಶ್ನೆಯೋ ಎಂದು ಮೊದಲು ಬಿಡಿಸಿಕೊಳ್ಳಬೇಕು. ಮೂರೂ ಒಟ್ಟಿಗೆ ಇರುವುದೇ ಹೆಚ್ಚು. ‘ಅರ್ಥ ಇಲ್ಲ’ ಎಂದವರನ್ನು ‘ಸಾಯಬೇಕು ಅನ್ನಿಸುತ್ತದೆಯೇ’ ಎಂದು ನೇರವಾಗಿ ಕೇಳಲೇಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಇವರು ಇಲ್ಲ ಎಂದರು. ಹಿಂದಿನ ಎರಡು ವಾರಗಳ ಸ್ಥಿತಿ ಕೇಳಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 11 ಅಂಕ ಬಂತು, ಅಂದರೆ ಮಧ್ಯಮ ಮಟ್ಟ. ಅಂಕ 15 ದಾಟಿದ್ದರೆ, ಅಥವಾ ಸಾವಿನ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದಿದ್ದರೆ, ದೈವಶಾಸ್ತ್ರವನ್ನು ಬದಿಗಿಟ್ಟು ಮೊದಲು ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆವು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಹೇಳಲಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು. ಸಾವಾಗಿ ಆರು ತಿಂಗಳು ಕಳೆದಿದ್ದರಿಂದ ದೀರ್ಘಕಾಲದ ದುಃಖದ ಲಕ್ಷಣಗಳನ್ನೂ ವಿಚಾರಿಸಿದೆವು. ಇವರು ಶಾಲೆಗೆ ಹೋಗುತ್ತಿದ್ದರು, ಊಟ ಮಾಡುತ್ತಿದ್ದರು, ತಮ್ಮನ ಮಾತು ಬಂದರೆ ಅಳುತ್ತಿದ್ದರು. ಅಳುವುದು ಕಾಯಿಲೆಯಲ್ಲ. ನಂಬಿಕೆಯಲ್ಲಿ ಸಂದೇಹ ಬರುವುದೂ ಕಾಯಿಲೆಯಲ್ಲ, ಅದಕ್ಕೆ ಮಾತ್ರೆಯೂ ಇಲ್ಲ. ನಿದ್ದೆಗೆಡುವುದು ಮಾತ್ರ ಬೇರೆ ವಿಷಯ.

ಆದ್ದರಿಂದ ಮೊದಲ ಸಲಹೆ ಓದಿನ ಅಳತೆಯ ಬಗ್ಗೆ. ದಿನಕ್ಕೆ ಇಪ್ಪತ್ತು ನಿಮಿಷ, ಹಗಲಿನಲ್ಲಿ, ಒಂದು ಸಲಕ್ಕೆ ಒಬ್ಬನೇ ಲೇಖಕ. ರಾತ್ರಿ ಒಂಬತ್ತರ ನಂತರ ಬೇಡ. ರಾತ್ರಿ ಒಂಟಿಯಾಗಿ ಓದುವಾಗ ದುಃಖ ತನಗೆ ಬೇಕಾದ ಸಾಲನ್ನಷ್ಟೇ ಆರಿಸಿಕೊಳ್ಳುತ್ತದೆ. ಇವರಿಗೆ ಆದದ್ದೂ ಅದೇ. ಜರ್ಮನ್ ಮೂಲದ ದೈವಶಾಸ್ತ್ರಜ್ಞ ಪಾಲ್ ಟಿಲಿಕ್ (1886–1965) ದೇವರನ್ನು ಇರುವ ವಸ್ತುಗಳ ಸಾಲಿನಲ್ಲಿ ಇನ್ನೊಂದಾಗಿ ಎಣಿಸಬೇಡಿ, ಇರುವಿಕೆಗೇ ಅವನು ಆಧಾರ ಎಂದರು ನಿಜ. ಆದರೆ ದೇವರು ವ್ಯಕ್ತಿತ್ವಕ್ಕಿಂತ ಕಡಿಮೆಯಾದ, ಕಿವಿಯಿಲ್ಲದ ಯಾವುದೋ ಶಕ್ತಿ ಎಂದು ಅವರು ಹೇಳಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿ ಸತ್ತವರನ್ನು ಹೂಳಿಸಿದ ಮನುಷ್ಯ ಆತ.

ಟಿಲಿಕ್ ಅವರ 1952ರ ಪುಸ್ತಕವೊಂದರಲ್ಲಿ ಸಲಹೆಗಾರರಿಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ವಿಂಗಡಣೆಯಿದೆ. ಮನುಷ್ಯನ ಮೂಲಭೂತ ಆತಂಕ ಮೂರು ಬಗೆ: ವಿಧಿ ಮತ್ತು ಸಾವಿನದು, ತಪ್ಪಿತಸ್ಥಭಾವ ಮತ್ತು ಖಂಡನೆಯದು, ಶೂನ್ಯತೆ ಮತ್ತು ಅರ್ಥಹೀನತೆಯದು. ನೋಟ್‌ಬುಕ್ಕಿನ ಹಾಳೆಗೆ ಮೂರು ಕಾಲಂ ಎಳೆದು, ನಿದ್ದೆ ಕೆಡಿಸುವ ಪ್ರತಿ ಯೋಚನೆಯನ್ನೂ ಒಂದೇ ಸಾಲಿನಲ್ಲಿ ಸರಿಯಾದ ಕಾಲಂಗೆ ಹಾಕಿ ಎಂದು ಒಂದು ವಾರದ ಕೆಲಸ ಕೊಟ್ಟೆವು. ‘ಅರ್ಥವಿಲ್ಲ’ ಎಂಬ ಕಾಲಂ ತುಂಬಿ ಬರುತ್ತದೆ ಎಂದು ಇವರು ಎಣಿಸಿದ್ದರು. ತುಂಬಿದ್ದು ನಡುವಿನದು: ‘ನನಗೇ ನಂಬಿಕೆಯಿಲ್ಲದ್ದನ್ನು ಮಕ್ಕಳಿಗೆ ಹೇಳುತ್ತಿದ್ದೇನೆ’, ‘ಅಮ್ಮನ ಎದುರು ನಾಟಕ ಮಾಡುತ್ತಿದ್ದೇನೆ’. ಬದುಕಿನ ಅರ್ಥದ ಪ್ರಶ್ನೆಗೆ ವರ್ಷಗಳು ಬೇಕಾಗಬಹುದು. ನಾಟಕ ಮಾಡುವುದನ್ನು ಈ ವಾರವೇ ನಿಲ್ಲಿಸಬಹುದು.

ಧರ್ಮಕೇಂದ್ರದ ಫಾದರ್ ಹತ್ತಿರ ಮೂರು ತಿಂಗಳು ತರಗತಿಯಿಂದ ಬಿಡುವು ಕೇಳಿ, ಕಾರಣವಾಗಿ ದುಃಖ ಎಂದಷ್ಟೇ ಹೇಳಿದರೆ ಸಾಕು, ಸಂದೇಹಗಳ ಪಟ್ಟಿ ಒಪ್ಪಿಸಬೇಕಿಲ್ಲ ಎಂದೆವು. ಆ ಹುಡುಗನಿಗೆ ಮಾತ್ರ ಉತ್ತರ ಬಾಕಿ ಇಡಬಾರದು. ಮಕ್ಕಳು ದೊಡ್ಡವರ ಮೌನವನ್ನು ಹೌದು ಎಂದೇ ತಿಳಿದುಕೊಳ್ಳುತ್ತಾರೆ. ಲೂಕನ ಸುವಾರ್ತೆ 13ರಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಪ್ರಸಂಗವಿದೆ. ಅವರು ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದ್ದಕ್ಕೆ ಸತ್ತರೆಂದು ಎಣಿಸುತ್ತೀರೋ ಎಂದು ಕೇಳಿ ಯೇಸು ತಾನೇ ಅಲ್ಲ ಎನ್ನುತ್ತಾನೆ. ಯಾಕೆ ಬಿತ್ತು ಎಂದು ಅಲ್ಲಿ ವಿವರಿಸುವುದಿಲ್ಲ. ಹುಡುಗನಿಗೂ ಅಷ್ಟೇ ಸಾಕು: “ದೇವರು ಸಾಯಿಸಿದ ಅಂತ ನಾನು ಹೇಳಲ್ಲ ಮರಿ. ಉಣುಗು ಕಚ್ಚಿ, ವೈರಸ್ ಬಂದು ಸತ್ತ. ದೇವರು ಯಾಕೆ ತಡೀಲಿಲ್ಲ ಅನ್ನೋದು ನಂಗೂ ಗೊತ್ತಿಲ್ಲ.”

ಉಣುಗು, ವೈರಸ್ ಎಂದು ಹೆಸರಿಟ್ಟು ಹೇಳುವುದು ದೈವಶಾಸ್ತ್ರದ ದೃಷ್ಟಿಯಿಂದಲೂ ಮುಖ್ಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ಕಾಯಿಲೆ ಪತ್ತೆಯಾದ ಮೇಲೆ ಅದು ಹರಡುವ ದಾರಿ ನಮಗೆ ಗೊತ್ತಿದೆ. ಹಿಟ್ಲರನನ್ನು ವಿರೋಧಿಸಿ ಸೆರೆಯಾಗಿದ್ದ ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ 1944ರಲ್ಲಿ ಬರ್ಲಿನ್ನಿನ ಟೇಗಲ್ ಜೈಲಿನಿಂದ ಬರೆದ ಪತ್ರಗಳಲ್ಲಿ ಇದನ್ನೇ ಎತ್ತುತ್ತಾರೆ: ನಮ್ಮ ತಿಳಿವಳಿಕೆ ಮುಗಿದ ಕಡೆಯಲ್ಲೆಲ್ಲ ದೇವರನ್ನು ತುಂಬುತ್ತ ಹೋದರೆ, ತಿಳಿವಳಿಕೆ ಬೆಳೆದಂತೆ ದೇವರು ಹಿಂದೆ ಸರಿಯುತ್ತಲೇ ಹೋಗಬೇಕಾಗುತ್ತದೆ. ದೇವರನ್ನು ಬದುಕಿನ ಅಂಚಿನಲ್ಲಲ್ಲ, ನಡುವಿನಲ್ಲಿ ಕಾಣಬೇಕು. ಇವರು ಆ ಪತ್ರಗಳಿಂದ ‘ಧರ್ಮವಿಲ್ಲದ ಕ್ರೈಸ್ತತ್ವ’ ಎಂಬ ಮಾತನ್ನಷ್ಟೇ ಎತ್ತಿಕೊಂಡು, ಪ್ರಾರ್ಥನೆಯೂ ಮುಗಿಯಿತು ಎಂದುಕೊಂಡಿದ್ದರು. ಅದೇ ಜೈಲಿನಲ್ಲಿ 1943ರ ಕ್ರಿಸ್‌ಮಸ್‌ಗೆ ಬೊನ್‌ಹೋಫರ್ ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಈ ಲೇಖಕರನ್ನು ಅವರ ಕಾಲದಿಂದ ಕಿತ್ತು ಓದಿದರೆ ಒಣ ತರ್ಕದಂತೆ ಕಾಣುತ್ತಾರೆ. ಆ ಲೇಖಕರು ಬರೆದದ್ದು ಹೆಣಗಳ ಪಕ್ಕದಲ್ಲಿ ನಿಂತು.

ನಾಲ್ಕನೇ ಭೇಟಿಯಲ್ಲಿ ಇನ್ನೊಬ್ಬ ಜರ್ಮನ್ ದೈವಶಾಸ್ತ್ರಜ್ಞ ಯುರ್ಗೆನ್ ಮೋಲ್ಟ್‌ಮನ್ ವಿಷಯ ಬಂತು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಬಿದ್ದಾಗ ಆತನಿಗೆ 17 ವರ್ಷ. ಪಕ್ಕದಲ್ಲಿದ್ದ ಗೆಳೆಯ ಸತ್ತ, ಈತ ಉಳಿದ. ಮುಂದೆ ಯುದ್ಧಕೈದಿಯಾಗಿದ್ದಾಗ ಗೋಳಿನ ಕೀರ್ತನೆಗಳನ್ನೂ, ಮಾರ್ಕನ ಸುವಾರ್ತೆಯಲ್ಲಿ ‘ಯಾಕೆ ನನ್ನನ್ನು ಕೈಬಿಟ್ಟೆ’ ಎಂದು ಶಿಲುಬೆಯ ಮೇಲೆ ಯೇಸು ಕೂಗುವುದನ್ನೂ ಓದಿದ. 1972ರಲ್ಲಿ ಶಿಲುಬೆಗೇರಿದ ದೇವರ ಕುರಿತು ಬರೆದ ಪುಸ್ತಕದಲ್ಲಿ ದೇವರೇ ನೋವನ್ನು ಉಣ್ಣುತ್ತಾನೆ ಎಂದು ವಾದಿಸಿದ. ಇದು ದುಃಖದಲ್ಲಿರುವ ಅನೇಕರಿಗೆ ಆಸರೆಯಾಗುತ್ತದೆ. ಇವರಿಗೆ ಆಗಲಿಲ್ಲ. “ದೇವರೂ ನನ್ನ ಜೊತೆ ಅಳ್ತಾ ಕೂತ್ರೆ ನನ್ನನ್ನ ಎತ್ತೋರು ಯಾರು?” ಎಂದರು. ಕಥೋಲಿಕ ದೈವಶಾಸ್ತ್ರಜ್ಞ ಕಾರ್ಲ್ ರಾನರ್ (1904–1984) ಅವರ ಆಕ್ಷೇಪವೂ ಬಹುತೇಕ ಇದೇ ಎಂದು ತಿಳಿಸಿದೆವು. ಸಲಹೆಗಾರರು ಇಲ್ಲಿ ಒಂದು ಪಕ್ಷ ಹಿಡಿಯಬಾರದು. ತಮಗೆ ಹಿಡಿಸಿದ ಉತ್ತರವನ್ನು ಎದುರಿನವರಿಗೆ ದಾಟಿಸಲು ಹೊರಟರೆ ಅದು ಪ್ರವಚನವಾಗುತ್ತದೆ. ತಮ್ಮ ಸಂದೇಹಕ್ಕೆ ಚರ್ಚಿನ ಒಳಗೇ ಜಾಗವಿದೆ ಎಂದು ಗೊತ್ತಾದದ್ದೇ ಇವರಿಗೆ ದೊಡ್ಡ ಬಿಡುಗಡೆ.

ಪ್ರಾರ್ಥಿಸಲು ಬಾಯಿ ಬರುವುದಿಲ್ಲ ಎನ್ನುವವರಿಗೆ ಕೀರ್ತನೆ 13 ಒಳ್ಳೆಯ ಮಾದರಿ. ಆರೇ ವಚನ. ಮೊದಲೆರಡು ವಚನ ದೂರು, ‘ಎಲ್ಲಿಯ ತನಕ’ ಎಂದು. ನಂತರದ ಎರಡು ಬೇಡಿಕೆ, ಕೊನೆಯವು ಭರವಸೆ. ಇದೇ ಅನುಕ್ರಮದಲ್ಲಿ ಸ್ವಂತ ಮಾತುಗಳಲ್ಲಿ, ದೇವರನ್ನು ‘ನೀನು’ ಎಂದೇ ಕರೆದು, ವಾರಕ್ಕೆರಡು ಸಲ ಕಾಲು ಗಂಟೆ ಬರೆಯಲು ಹೇಳಿದೆವು. ಇಲ್ಲಿ ಕೆಡುವುದು ಕೊನೆಯ ಭಾಗದಲ್ಲಿ. ಭಕ್ತಿಯಲ್ಲಿ ಬೆಳೆದವರು ದೂರನ್ನು ಎರಡು ಸಾಲಿಗೆ ಮುಗಿಸಿ ಭರವಸೆಗೆ ಓಡುತ್ತಾರೆ, ಬರೆದದ್ದು ಸುಳ್ಳು ಅನ್ನಿಸಿ ನೋಟ್‌ಬುಕ್ ಮುಚ್ಚಿಡುತ್ತಾರೆ. ಭರವಸೆ ಬರದಿದ್ದರೆ ಜಾಗ ಖಾಲಿ ಬಿಡಿ ಎಂಬುದು ಸ್ಪಷ್ಟ ಸೂಚನೆಯಾಗಿತ್ತು. ಕೀರ್ತನೆ 88 ಕತ್ತಲಿನಲ್ಲೇ ಮುಗಿಯುತ್ತದೆ, ಅದೂ ಪವಿತ್ರಗ್ರಂಥವೇ. ಇವರು ಐದು ವಾರ ಖಾಲಿ ಬಿಟ್ಟರು.

ಮನೆಯಲ್ಲಿ ತಾಯಿ ಸಂಜೆ ಏಳಕ್ಕೆ ಜಪಮಾಲೆ ಹೇಳುತ್ತಾರೆ. ‘ದೇವರ ಚಿತ್ತ’ ಎಂಬ ಮಾತೇ ಅವರನ್ನು ನಿಲ್ಲಿಸಿರುವುದು. ಹೊಸದಾಗಿ ಓದಿದವರು ಆ ಮಾತನ್ನು ತಿದ್ದಲು ಹೋಗಿ ಮನೆಯಲ್ಲಿ ಎರಡನೇ ಗಾಯ ಮಾಡುವುದುಂಟು. ಅದು ಬೇಡ, ಹಾಗೆಂದು ಸುಳ್ಳೂ ಬೇಡ ಎಂದು ಹೇಳಬೇಕಾದ ಮಾತನ್ನು ಇಲ್ಲೇ ರೂಢಿ ಮಾಡಿಸಿದೆವು: “ಅಮ್ಮಾ, ನಂಗೀಗ ಪ್ರಾರ್ಥನೆ ಹೇಳೋಕಾಗ್ತಿಲ್ಲ. ನೀ ಹೇಳು, ನಾ ನಿನ್ ಪಕ್ಕ ಕೂತಿರ್ತೀನಿ.” ತಾಯಿ ಒಂದು ಮಾತೂ ಕೇಳದೆ ಚಾಪೆ ಸರಿಸಿ ಜಾಗ ಮಾಡಿಕೊಟ್ಟರಂತೆ.

ಅರ್ಥದ ಪ್ರಶ್ನೆಗೆ ಕೈ ಹಾಕಿದ್ದು ಇಷ್ಟಾದ ಮೇಲೆ, ನವೆಂಬರಿನಲ್ಲಿ. ದುಃಖದ ಮೊದಲ ತಿಂಗಳುಗಳಲ್ಲೇ ‘ಈ ಸಾವಿನಿಂದ ಏನು ಕಲಿತಿರಿ’ ಎಂದು ಕೇಳುವುದು ಕ್ರೌರ್ಯ. ಬೊನ್‌ಹೋಫರ್ ಯೇಸುವನ್ನು ‘ಇತರರಿಗಾಗಿ ಬದುಕಿದವನು’ ಎಂದು ಕರೆದದ್ದನ್ನು ಹಿಡಿದು, ಈ ತಿಂಗಳು ನಿಮ್ಮಿಂದ ಯಾರಿಗೆ ಏನು ಆಗಬೇಕಿದೆ ಎಂದಷ್ಟೇ ಕೇಳಿದೆವು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಊರಿನ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಿ, ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಹಾಕಿ ಎಂದು ಹೇಳುವ ಕೆಲಸವನ್ನು ಇವರೇ ಆರಿಸಿಕೊಂಡರು. ತಮ್ಮನ ಸಾವಿಗೆ ಇದು ಅರ್ಥ ಕೊಡುತ್ತದೆ ಎಂದು ನಾವು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಜನವರಿಯ ಭೇಟಿಯಲ್ಲಿ ಪಿಎಚ್‌ಕ್ಯೂ-9 ಅಂಕ 6. ನಿದ್ದೆ ಬರುತ್ತಿದೆ. ಧರ್ಮೋಪದೇಶ ತರಗತಿಗೆ ಮರಳುವ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ, ನಾವು ಒತ್ತಾಯಿಸಿಲ್ಲ. ವರ್ಷದ ಪೂಜೆ ಹತ್ತಿರ ಬಂದಾಗ ನಿದ್ದೆಗೇಡು, ಸಿಟ್ಟು ಮತ್ತೆ ಕಾಣಿಸಿಕೊಳ್ಳಬಹುದು; ಅದು ಹಿಂದಕ್ಕೆ ಜಾರಿದಂತಲ್ಲ ಎಂದು ತಾಯಿ ಮಗಳು ಇಬ್ಬರಿಗೂ ಮುಂಚೆಯೇ ತಿಳಿಸಿ, ಪೂಜೆಯ ಹಿಂದಿನ ವಾರ ಒಂದು, ನಂತರದ ವಾರ ಒಂದು ಭೇಟಿ ಗೊತ್ತುಮಾಡಲಾಗಿದೆ.